ಬಿಪಿ ಇಳಿದ ಮೇಲೆ

1982ರಲ್ಲಿ ಬ್ರಿಟನ್ನಿನ ವೈದ್ಯ ಎಸ್. ಜೆ. ಜಾಚುಕ್ ಮತ್ತು ಸಂಗಡಿಗರು ಒಂದು ಪುಟ್ಟ ಅಧ್ಯಯನ ಪ್ರಕಟಿಸಿದರು. ರಕ್ತದೊತ್ತಡಕ್ಕೆ ಮಾತ್ರೆ ನುಂಗುತ್ತಿದ್ದ 75 ಜನರ ಬಗ್ಗೆ ಅವರು ಒಂದೇ ಪ್ರಶ್ನೆಯನ್ನು ಮೂರು ಕಡೆ ಕೇಳಿದ್ದರು: ಚಿಕಿತ್ಸೆ ಶುರುವಾದ ಮೇಲೆ ಈ ವ್ಯಕ್ತಿಯ ಬದುಕು ಹೇಗಿದೆ? ವೈದ್ಯರ ಪ್ರಕಾರ 75 ಜನರೂ ಸುಧಾರಿಸಿದ್ದರು. ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿ ಸುಧಾರಿಸಿದೆ ಎಂದರು. ಉಳಿದವರಲ್ಲಿ ಹೆಚ್ಚಿನವರಿಗೆ ಏನೂ ವ್ಯತ್ಯಾಸ ಕಾಣಲಿಲ್ಲ, ಕೆಲವರು ಕೆಟ್ಟಿದೆ ಎಂದರು. ಕೊನೆಗೆ ಮನೆಯವರನ್ನು ಕೇಳಿದಾಗ, ಒಬ್ಬರ ಮನೆಯವರನ್ನು ಬಿಟ್ಟು ಮಿಕ್ಕವರೆಲ್ಲ ಹೇಳಿದ್ದು ಒಂದೇ ಮಾತು: ಮೊದಲಿಗಿಂತ ಕೆಟ್ಟಿದೆ.

ಮೂವರೂ ಸುಳ್ಳು ಹೇಳಿರಲಿಲ್ಲ. ವೈದ್ಯರು ಅಂಕಿ ನೋಡಿದ್ದರು, ಅದು ಇಳಿದಿತ್ತು. ರೋಗಿ ತನ್ನ ಮೈಯನ್ನು ನೋಡಿಕೊಂಡಿದ್ದ. ಅವನ ಜೊತೆ ಬಾಳುತ್ತಿದ್ದವರಿಗೆ ಕಂಡದ್ದು ಬೇರೆ: ಮರೆವು, ಸಿಡುಕು, ಯಾವುದರಲ್ಲೂ ಆಸಕ್ತಿಯಿಲ್ಲದ ಮಂಕು, ದಾಂಪತ್ಯದಲ್ಲಿ ಬಂದ ದೂರ, ಸದಾ ತನ್ನ ಕಾಯಿಲೆಯದೇ ಧ್ಯಾನ. ಅಧ್ಯಯನ ಚಿಕ್ಕದು, ನಿಜ. ಆ ಕಾಲದ ಔಷಧಗಳಲ್ಲಿ ಹಲವು ಈಗ ಹಿಂದೆ ಸರಿದಿವೆ. ಆದರೆ ಕ್ಲಿನಿಕ್ಕಿನಲ್ಲಿ ಬರೆದಿಡುವ ಆರೋಗ್ಯಕ್ಕೂ ಮನೆಯಲ್ಲಿ ನಡೆಯುವ ಬದುಕಿಗೂ ನಡುವೆ ಬಿರುಕೊಂದಿದೆ ಎಂಬುದನ್ನು ಅಷ್ಟು ಸರಳವಾಗಿ ತೋರಿಸಿದ ಇನ್ನೊಂದು ಅಧ್ಯಯನ ನನಗೆ ಗೊತ್ತಿಲ್ಲ. ನಮ್ಮ ನಗರಗಳಲ್ಲಿ ಲಕ್ಷಾಂತರ ಜನ ಮಾತ್ರೆ ಶುರುಮಾಡಿ ನಡುವೆ ಕೈಬಿಡುತ್ತಾರಲ್ಲ, ಅವರಲ್ಲಿ ಬಹಳಷ್ಟು ಮಂದಿ ಜಾರಿಬೀಳುವುದು ಈ ಬಿರುಕಿನಲ್ಲೇ ಎಂದು ನಾನು ನಂಬುತ್ತೇನೆ.

ಮೊದಲು ಕಾಯಿಲೆಯ ಸ್ವಭಾವ ನೋಡೋಣ. ಹೃದಯ ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುತ್ತದೆ. ಪ್ರತಿ ಬಡಿತಕ್ಕೂ ರಕ್ತ ಅಪಧಮನಿಯ ಗೋಡೆಯನ್ನು ಒತ್ತುತ್ತದೆ. ಆ ಒತ್ತು ಮೇಲಿನ ಅಂಕಿ. ಎರಡು ಬಡಿತಗಳ ನಡುವೆ ಉಳಿಯುವ ಒತ್ತು ಕೆಳಗಿನ ಅಂಕಿ. ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬುವ ಉಪಾಯವನ್ನು ಇಟಲಿಯ ರಿವಾ-ರೋಚಿ 1896ರಲ್ಲಿ ಕಂಡುಕೊಂಡ. ಪಟ್ಟಿಯ ಕೆಳಗೆ ಸ್ಟೆತಸ್ಕೋಪ್ ಇಟ್ಟು ಸದ್ದು ಕೇಳಬಹುದೆಂದು ರಷ್ಯಾದ ಸರ್ಜನ್ ಕೊರೊಟ್ಕಾಫ್ 1905ರಲ್ಲಿ ತೋರಿಸಿದ. ಆಸ್ಪತ್ರೆಯಲ್ಲಿ ಬೇರೆ ಬೇರೆ ದಿನ ನೋಡಿದಾಗಲೂ 140/90 ಅಥವಾ ಅದಕ್ಕೂ ಮೇಲಿದ್ದರೆ ಅಧಿಕ ರಕ್ತದೊತ್ತಡ ಎನ್ನುತ್ತಾರೆ. ವರ್ಷಗಟ್ಟಲೆ ಈ ಒತ್ತಡ ತಿಂದ ರಕ್ತನಾಳದ ಗೋಡೆ ದಪ್ಪವಾಗುತ್ತದೆ, ಗಡುಸಾಗುತ್ತದೆ. ಮಿದುಳು, ಮೂತ್ರಪಿಂಡ, ಕಣ್ಣಿನ ರೆಟಿನಾ ಇವುಗಳ ಕೂದಲೆಳೆಯಂಥ ನಾಳಗಳು ಮೊದಲು ಸೋಲುತ್ತವೆ. ಇಷ್ಟೆಲ್ಲ ನಡೆಯುವಾಗ ಬಹುಪಾಲು ಜನರಿಗೆ ನೋವಿಲ್ಲ, ಸುಸ್ತಿಲ್ಲ, ಏನೂ ಗೊತ್ತಾಗುವುದಿಲ್ಲ.

ಚೆನ್ನಾಗಿದ್ದೇನೆ ಎಂದುಕೊಂಡಿರುವ ಮನುಷ್ಯನಿಗೆ, ಮುಂದೆಂದೋ ಬರಬಹುದಾದ ಪಾರ್ಶ್ವವಾಯುವನ್ನು ತಡೆಯಲು ಇವತ್ತಿನಿಂದಲೇ ಮಾತ್ರೆ ಕೊಡುತ್ತೇವೆ. ಲಾಭ ಕಣ್ಣಿಗೆ ಕಾಣುವುದಿಲ್ಲ, ತೊಂದರೆ ಮಾತ್ರ ಅಂದೇ ಕಾಣುತ್ತದೆ. ಜ್ವರದ ಮಾತ್ರೆಗೂ ಬಿಪಿ ಮಾತ್ರೆಗೂ ಇರುವ ದೊಡ್ಡ ಅಂತರ ಇದು. ಜೊತೆಗೆ ಬಿಪಿ ಎಂದರೆ ಕೋಪ, ತಲೆಸುತ್ತು, ತಲೆನೋವು ಎಂಬ ನಂಬಿಕೆಯೂ ನಮ್ಮಲ್ಲಿ ಗಟ್ಟಿಯಾಗಿದೆ. ಕೋಪ ಬರದ ದಿನ, ತಲೆ ಸುತ್ತದ ದಿನ ಮಾತ್ರೆ ಬೇಡವೆಂದು ಬಿಟ್ಟುಬಿಡುವವರು ಪ್ರತಿ ಬೀದಿಯಲ್ಲೂ ಸಿಗುತ್ತಾರೆ.

ಲಾಭ ನಿಜವೇ ಎಂಬುದರಲ್ಲಿ ಯಾವ ಸಂದೇಹವೂ ಬೇಡ. ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ 1945ರ ಏಪ್ರಿಲ್ 12ರಂದು ಮಿದುಳಿನಲ್ಲಿ ರಕ್ತಸ್ರಾವವಾಗಿ ತೀರಿಕೊಂಡಾಗ ಅವರ ರಕ್ತದೊತ್ತಡ 300/190 ಇತ್ತು. ಒಂದು ವರ್ಷ ಮೊದಲೇ 186/108 ಎಂದು ವೈದ್ಯರು ಬರೆದಿಟ್ಟಿದ್ದರು. ಗೊತ್ತಿದ್ದೂ ಕೊಡಲು ಅವರ ಬಳಿ ಒಳ್ಳೆಯ ಔಷಧವಿರಲಿಲ್ಲ. ಆ ಕೊರತೆಯನ್ನು ತುಂಬಿದ ಮೊದಲ ಔಷಧಗಳಲ್ಲಿ ಒಂದು ಭಾರತದ ಗಿಡದಿಂದ ಬಂತು. ಸರ್ಪಗಂಧದ ಬೇರು ರಕ್ತದೊತ್ತಡವನ್ನು ಇಳಿಸುತ್ತದೆ ಎಂದು ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕ್ ಬೋಸ್ 1931ರಲ್ಲೇ ಬರೆದಿದ್ದರು. ಮುಂಬೈನ ಹೃದ್ರೋಗ ತಜ್ಞ ರುಸ್ತುಂ ಜಾಲ್ ವಕೀಲ್ ಅದನ್ನು ತಮ್ಮ ರೋಗಿಗಳಲ್ಲಿ ಕ್ರಮವಾಗಿ ಪರೀಕ್ಷಿಸಿ 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಪ್ರಕಟಿಸಿದ ಮೇಲೆ ಜಗತ್ತು ಕಿವಿಗೊಟ್ಟಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸಿಬಾ ಕಂಪನಿಯ ವಿಜ್ಞಾನಿಗಳು ಆ ಬೇರಿನಿಂದ ರಿಸರ್ಪೈನ್ ಎಂಬ ಸಾರವನ್ನು ಬೇರ್ಪಡಿಸಿದರು. 1967ರಲ್ಲಿ ಅಮೆರಿಕದ ಎಡ್ವರ್ಡ್ ಫ್ರೈಸ್ ತಂಡ, ತೀವ್ರ ರಕ್ತದೊತ್ತಡವಿದ್ದ 143 ಗಂಡಸರಲ್ಲಿ ಅರ್ಧದಷ್ಟು ಜನಕ್ಕೆ ರಿಸರ್ಪೈನ್ ಸೇರಿದಂತೆ ಮೂರು ಔಷಧ, ಉಳಿದವರಿಗೆ ಔಷಧವಿಲ್ಲದ ಹುಸಿಮಾತ್ರೆ ಕೊಟ್ಟು ನೋಡಿತು. ಹುಸಿಮಾತ್ರೆಯ ಗುಂಪಿನಲ್ಲಿ 27 ಜನಕ್ಕೆ ಗಂಭೀರ ಅನಾಹುತವಾಯಿತು. ಔಷಧದ ಗುಂಪಿನಲ್ಲಿ ಇಬ್ಬರಿಗೆ. ಅಲ್ಲಿಂದೀಚೆಗೆ ಬಂದ ನೂರಕ್ಕೂ ಹೆಚ್ಚು ಪ್ರಯೋಗಗಳ ಒಟ್ಟು ಲೆಕ್ಕ ಹೀಗಿದೆ: ಮೇಲಿನ ಅಂಕಿಯನ್ನು 10ರಷ್ಟು ಇಳಿಸಿದರೆ ಪಾರ್ಶ್ವವಾಯುವಿನ ಅಪಾಯ ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚೇ ತಗ್ಗುತ್ತದೆ.

ಅದೇ ರಿಸರ್ಪೈನ್ ಜೊತೆಗೆ ಇನ್ನೊಂದು ದೂರೂ ಬಂತು. ಅದನ್ನು ನುಂಗಿದ ಕೆಲವರ ಮನಸ್ಸು ಕುಗ್ಗಿತು, ಕೆಲವರು ತೀವ್ರ ಖಿನ್ನತೆಗೆ ಹೋದರು. ಆ ಕಾಲದಲ್ಲಿ ಕೊಡುತ್ತಿದ್ದ ಪ್ರಮಾಣ ಜಾಸ್ತಿಯಿತ್ತೇ, ಖಿನ್ನತೆಗೆ ಔಷಧವೊಂದೇ ಕಾರಣವೇ ಎಂಬ ವಾದ ಆಮೇಲೆ ನಡೆಯಿತು. ವೈದ್ಯಲೋಕಕ್ಕೆ ಮಾತ್ರ ಅದರಿಂದ ಒಂದು ಎಚ್ಚರ ಹುಟ್ಟಿತು: ಅಪಧಮನಿಯನ್ನು ಉಳಿಸುವ ಭರದಲ್ಲಿ ಮನುಷ್ಯನನ್ನು ಮರೆಯಬಾರದು.

ಆ ಎಚ್ಚರವನ್ನು ಅಳತೆಗೆ ತಂದವರು ಸಿಡ್ನಿ ಕ್ರೂಗ್ ಮತ್ತು ಸಂಗಡಿಗರು. 1986ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ಅವರ ಪ್ರಯೋಗದಲ್ಲಿ 626 ಗಂಡಸರಿದ್ದರು. ಮೂರು ಗುಂಪುಗಳಿಗೆ ಮೂರು ಔಷಧ: ಮೀಥೈಲ್‌ಡೋಪಾ, ಪ್ರೊಪ್ರನಲಾಲ್, ಮತ್ತು ಆಗಷ್ಟೇ ಬಂದಿದ್ದ ಕ್ಯಾಪ್ಟೊಪ್ರಿಲ್. ಬ್ರೆಜಿಲ್‌ನ ಜರಾರಾಕ ಎಂಬ ಹಾವಿನ ವಿಷದ ಅಧ್ಯಯನದಿಂದ ಹುಟ್ಟಿದ ಔಷಧ ಈ ಕ್ಯಾಪ್ಟೊಪ್ರಿಲ್. 24 ವಾರ ಕಳೆದಾಗ ರಕ್ತದೊತ್ತಡ ಮೂರೂ ಗುಂಪುಗಳಲ್ಲಿ ಹೆಚ್ಚುಕಡಿಮೆ ಒಂದೇ ಸಮನೆ ಇಳಿದಿತ್ತು. ಅಂಕಿಯೊಂದನ್ನೇ ನೋಡಿದ್ದರೆ ಪ್ರಯೋಗ ಅಲ್ಲಿಗೆ ಮುಗಿಯುತ್ತಿತ್ತು. ಅವರು ನಿದ್ದೆ, ಉತ್ಸಾಹ, ಕೆಲಸದ ಶಕ್ತಿ, ಲೈಂಗಿಕ ಬದುಕು, ನೆನಪು, ಜನರೊಡನೆ ಬೆರೆಯುವುದು ಇವೆಲ್ಲವನ್ನೂ ಕೇಳಿದ್ದರು. ಅಲ್ಲಿ ಮೂರು ಗುಂಪುಗಳ ದಾರಿ ಬೇರೆಯಾಯಿತು. ತೊಂದರೆ ತಾಳಲಾರದೆ ಪ್ರಯೋಗ ಬಿಟ್ಟುಹೋದವರು ಕ್ಯಾಪ್ಟೊಪ್ರಿಲ್ ಗುಂಪಿನಲ್ಲಿ ಶೇ. 8, ಮೀಥೈಲ್‌ಡೋಪಾ ಗುಂಪಿನಲ್ಲಿ ಶೇ. 20. ಒಂದೇ ಅಂಕಿ ಕೊಡುವ ಎರಡು ಮಾತ್ರೆ ಎರಡು ಬಗೆಯ ಬದುಕನ್ನು ಕೊಡಬಲ್ಲವು ಎಂಬುದು ಅಲ್ಲಿಂದ ಸಾಬೀತಾದ ಸಂಗತಿ.

ಇವತ್ತು ನಮ್ಮ ಮೆಡಿಕಲ್ ಸ್ಟೋರುಗಳಲ್ಲಿ ಹೆಚ್ಚಾಗಿ ಮಾರಾಟವಾಗುವ ಮಾತ್ರೆಗಳು ಆ ಕಾಲದವಕ್ಕಿಂತ ಎಷ್ಟೋ ಸೌಮ್ಯ. ಆದರೂ ಒಂದೊಂದಕ್ಕೂ ಒಂದೊಂದು ಗುಣವಿದೆ. ಆ ಗುಣ ನಗರದ ಬದುಕಿಗೆ ತಾಗುವ ಬಗೆಯನ್ನು ಔಷಧದ ಡಬ್ಬಿಯೊಳಗಿನ ಚೀಟಿ ಹೇಳುವುದಿಲ್ಲ. ಬೆಂಗಳೂರಿನ ಒಂದು ಕ್ಲಿನಿಕ್ಕಿನಲ್ಲಿ, ದಿನವಿಡೀ ಕಟ್ಟಡ ಗುಡಿಸಿ ಒರೆಸುವ ಹೌಸ್‌ಕೀಪಿಂಗ್ ಕೆಲಸದ ಹೆಂಗಸೊಬ್ಬರ ಜೊತೆ ಇಂಥ ಮಾತು ನಡೆಯುತ್ತಿದೆ ಎಂದುಕೊಳ್ಳಿ:

“ಮಾತ್ರೆ ತಗೋತಾ ಇದೀರಾ ಅಮ್ಮಾ?”

“ತಗೋತೀನಿ ಡಾಕ್ಟ್ರೇ.”

“ದಿನಾ?”

“ಕೆಲ್ಸಕ್ಕೆ ಹೋಗೋ ದಿನ ಬಿಟ್ಟು.”

ವಾರದಲ್ಲಿ ಆರು ದಿನ ಕೆಲಸ. ಅಂದರೆ ಮಾತ್ರೆ ಭಾನುವಾರ ಮಾತ್ರ. ಅವರಿಗೆ ಕೊಟ್ಟಿರುವುದು ಮೂತ್ರವರ್ಧಕ. ದೇಹದ ಹೆಚ್ಚುವರಿ ಉಪ್ಪು ನೀರನ್ನು ಮೂತ್ರದಲ್ಲಿ ಹೊರಹಾಕಿ ಒತ್ತಡ ಇಳಿಸುವ ಒಳ್ಳೆಯ, ಅಗ್ಗದ ಔಷಧ. ಬೆಳಗ್ಗೆ ನುಂಗಿ ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತಿದರೆ, ಎಲೆಕ್ಟ್ರಾನಿಕ್ ಸಿಟಿ ತಲುಪುವ ಹೊತ್ತಿಗೆ ಹೊಟ್ಟೆಯ ಕೆಳಗೆ ಸಂಕಟ. ದಾರಿಯಲ್ಲಿ ಹೆಂಗಸರು ಧೈರ್ಯವಾಗಿ ಹೋಗಬಹುದಾದ ಶೌಚಾಲಯ ಎಲ್ಲಿದೆ? ಆಕೆ ನೀರು ಕುಡಿಯುವುದನ್ನು ಕಡಿಮೆ ಮಾಡುತ್ತಾರೆ, ಆಮೇಲೆ ಮಾತ್ರೆ ಬಿಡುತ್ತಾರೆ. ಕೇಸ್ ಶೀಟಿನಲ್ಲಿ ಇದು “ಸರಿಯಾಗಿ ಔಷಧ ಸೇವಿಸುತ್ತಿಲ್ಲ” ಎಂಬ ಸಾಲಾಗುತ್ತದೆ. ಆ ಸಾಲಿನಲ್ಲಿ ತಪ್ಪು ಹೊತ್ತವರು ಆಕೆ. ನನಗೆ ಇದು ಅನ್ಯಾಯವಾಗಿ ಕಾಣುತ್ತದೆ. ಮಾತ್ರೆಯ ಹೊತ್ತು ಬದಲಿಸಬಹುದು, ಬೇರೆ ಗುಂಪಿನ ಮಾತ್ರೆ ಕೊಡಬಹುದು. ಎರಡೂ ವೈದ್ಯರಿಗೆ ಸುಲಭ. ಆದರೆ ಅದಕ್ಕೆ ಮೊದಲು ಯಾಕೆ ಎಂದು ಕೇಳಬೇಕು. ಕೇಳಿದರೂ ಆಕೆ ಹೇಳುವಷ್ಟು ಸಲುಗೆ ಆ ಕೋಣೆಯಲ್ಲಿರಬೇಕು.

ಇಡೀ ದಿನ ನಿಂತೇ ಇರುವ ಟ್ರಾಫಿಕ್ ಪೊಲೀಸರಿಗೆ, ಬಟ್ಟೆ ಅಂಗಡಿಯ ಹುಡುಗಿಯರಿಗೆ ಅಮ್ಲೊಡಿಪಿನ್ ಕೊಟ್ಟರೆ ಕೆಲವರಿಗೆ ಸಂಜೆಯ ಹೊತ್ತಿಗೆ ಪಾದ ಊದುತ್ತದೆ, ಚಪ್ಪಲಿ ಬಿಗಿಯಾಗುತ್ತದೆ. ಕಿಡ್ನಿಯೇ ಕೆಟ್ಟಿತೆಂದು ಹೆದರಿ ಮಾತ್ರೆ ಬಿಡುತ್ತಾರೆ. ಎನಲಾಪ್ರಿಲ್, ರಾಮಿಪ್ರಿಲ್ ಗುಂಪಿನ ಮಾತ್ರೆಯಿಂದ ಕೆಲವರಿಗೆ ಬಿಡದ ಒಣಕೆಮ್ಮು ಬರುತ್ತದೆ. ನಗರದ ದೂಳಿಗೆ ಬಂದ ಕೆಮ್ಮೆಂದು ತಿಂಗಳುಗಟ್ಟಲೆ ಸಿರಪ್ ಕುಡಿಯುತ್ತಾರೆ. ಅಟೆನಲಾಲ್, ಮೆಟೊಪ್ರೊಲಾಲ್ ತೆಗೆದುಕೊಳ್ಳುವ ಕೆಲವರಿಗೆ ಮೈ ಭಾರ, ಕೈಕಾಲು ತಣ್ಣಗೆ. ಗಂಡಸರ ಲೈಂಗಿಕ ತೊಂದರೆಯ ಮಾತಂತೂ ನಮ್ಮ ಕ್ಲಿನಿಕ್ಕುಗಳಲ್ಲಿ ಏಳುವುದೇ ಇಲ್ಲ. ರಕ್ತದೊತ್ತಡ ತಾನೇ ನಾಳಗಳನ್ನು ಕೆಡಿಸಿ ಆ ತೊಂದರೆ ತರಬಲ್ಲದು, ಕೆಲವು ಮಾತ್ರೆಗಳೂ ತರಬಲ್ಲವು. ಯಾವುದರಿಂದ ಬಂತೆಂದು ಬಿಡಿಸಿ ನೋಡಬೇಕಾದರೆ ಯಾರಾದರೂ ಬಾಯಿ ಬಿಡಬೇಕು. ಇವಕ್ಕೆಲ್ಲ ಬದಲಿ ಔಷಧಗಳಿವೆ. ತಾನಾಗಿಯೇ ನಿಲ್ಲಿಸುವುದು ಮಾತ್ರ ಅಪಾಯ. ಅಟೆನಲಾಲ್‌ನಂಥವನ್ನು ಒಮ್ಮೆಲೇ ಬಿಟ್ಟರೆ ಹೃದಯಕ್ಕೆ ಪೆಟ್ಟಾಗಬಹುದು.

ಮಾತ್ರೆಗೂ ಮೊದಲೇ ಬದುಕನ್ನು ಬದಲಿಸುವುದು ಕಾಯಿಲೆಯ ಹೆಸರು. ಕೆನಡಾದ ಹ್ಯಾಮಿಲ್ಟನ್‌ನಲ್ಲಿ ಉಕ್ಕಿನ ಕಾರ್ಖಾನೆಯ ಕಾರ್ಮಿಕರನ್ನು ತಪಾಸಣೆ ಮಾಡಿ ಕೆಲವರಿಗೆ ನಿಮಗೆ ರಕ್ತದೊತ್ತಡವಿದೆ ಎಂದು ಹೇಳಲಾಯಿತು. ಅಲ್ಲಿಯವರೆಗೆ ಅವರು ಎಲ್ಲರಂತೆ ಕೆಲಸಕ್ಕೆ ಬರುತ್ತಿದ್ದವರು. ಆ ಮಾತು ಕೇಳಿದ ಮುಂದಿನ ವರ್ಷ ಅನಾರೋಗ್ಯದ ಕಾರಣಕ್ಕೆ ಅವರು ಹಾಕಿದ ರಜೆ ಶೇ. 80ರಷ್ಟು ಏರಿತು. ಮಾತ್ರೆ ಶುರುವಾಗಿದ್ದವರಲ್ಲೂ ಏರಿತು, ಆಗದವರಲ್ಲೂ ಏರಿತು. ಹೇನ್ಸ್, ಸ್ಯಾಕೆಟ್ ಮತ್ತು ಸಂಗಡಿಗರು 1978ರಲ್ಲಿ ಇದನ್ನು ಪ್ರಕಟಿಸಿದರು. ಮೈ ಅದೇ, ಒತ್ತಡ ಅದೇ; ತಾನು ರೋಗಿ ಎಂಬ ಭಾವ ಮಾತ್ರ ಹೊಸದು. ಹಾಗೆಂದು ಹೇಳದೆ ಬಿಡುವಂತಿಲ್ಲ. ಹೇಳುವ ರೀತಿ ಮುಖ್ಯ. “ಇನ್ನು ಜೀವನಪೂರ್ತಿ ಮಾತ್ರೆ” ಎಂದು ಎರಡು ನಿಮಿಷದಲ್ಲಿ ಹೇಳಿ ಮುಂದಿನ ಟೋಕನ್ ಕರೆದರೆ, ಆ ಮನುಷ್ಯ ಭಯವನ್ನಷ್ಟೇ ಹೊತ್ತು ಮನೆಗೆ ಹೋಗುತ್ತಾನೆ. ಹಿಡಿತದಲ್ಲಿರುವ ಬಿಪಿಯೊಡನೆ ಓಡಾಡಬಹುದು, ಪ್ರಯಾಣ ಮಾಡಬಹುದು, ಮೊಮ್ಮಕ್ಕಳನ್ನು ಎತ್ತಿಕೊಳ್ಳಬಹುದು ಎಂಬ ಮಾತು ಕೂಡ ಆ ದಿನವೇ ಸಿಗಬೇಕು.

ಅಳೆಯುವ ಗಳಿಗೆಯೂ ಅಂಕಿಯನ್ನು ಬದಲಿಸುತ್ತದೆ. ಇಟಲಿಯ ಮಿಲಾನ್‌ನಲ್ಲಿ ಜೂಸೆಪ್ಪೆ ಮಾನ್ಚಿಯಾ ತಂಡ ರೋಗಿಗಳ ಅಪಧಮನಿಯೊಳಗೇ ಅಳತೆಯ ನಳಿಕೆ ಇಟ್ಟು ನೋಡಿದಾಗ, ವೈದ್ಯರು ಹಾಸಿಗೆಯ ಬಳಿ ಬಂದ ಕೆಲವೇ ನಿಮಿಷಗಳಲ್ಲಿ ಮೇಲಿನ ಅಂಕಿ ಸರಾಸರಿ 20ಕ್ಕೂ ಹೆಚ್ಚು ಏರಿತ್ತು. ಇದು 1983ರ ಮಾತು. ಎರಡು ಬಸ್ ಬದಲಿಸಿ, ಟ್ರಾಫಿಕ್ಕಿನಲ್ಲಿ ಬೆಂದು, ಸರತಿಯಲ್ಲಿ ನಿಂತು ಬಂದವರ ತೋಳಿಗೆ ಕೂತ ಕೂಡಲೇ ಪಟ್ಟಿ ಸುತ್ತಿದರೆ ಬರುವುದು ಆ ಪ್ರಯಾಣದ ಅಂಕಿಯೂ ಹೌದು. ಮನೆಯಲ್ಲಿ ಒಳ್ಳೆಯ ಯಂತ್ರವಿದ್ದರೆ, ಮೂತ್ರಕ್ಕೆ ಹೋಗಿ ಬಂದು, ಬೆನ್ನಿಗೆ ಆಸರೆ ಕೊಟ್ಟು ಐದು ನಿಮಿಷ ಸುಮ್ಮನೆ ಕೂತು, ಪಾದ ನೆಲಕ್ಕೂರಿ, ತೋಳನ್ನು ಎದೆಯ ಮಟ್ಟಕ್ಕಿಟ್ಟು, ಮಾತಾಡದೆ ಅಳೆಯಬೇಕು. ಕಾಫಿ ಕುಡಿದು ಅರ್ಧ ಗಂಟೆಯಾದರೂ ಆಗಿರಬೇಕು. ಮನೆಯ ಅಳತೆಗೆ ಗಡಿ 135/85. ಇನ್ನೊಂದು ಮಾತು: ದಿನಕ್ಕೆ ಹತ್ತು ಸಲ ಅಳೆದು ಪ್ರತಿ ಏರಿಳಿತಕ್ಕೂ ಎದೆ ಬಡಿದುಕೊಳ್ಳುವವರಿದ್ದಾರೆ. ರಕ್ತದೊತ್ತಡ ಗಳಿಗೆಗೊಮ್ಮೆ ಬದಲಾಗುವುದೇ ಸಹಜ. ವೈದ್ಯರನ್ನು ಕಾಣುವ ಮುಂಚಿನ ಒಂದು ವಾರ ಬೆಳಗ್ಗೆ, ಸಂಜೆ ಬರೆದಿಟ್ಟರೆ ಬಹಳ ಮಂದಿಗೆ ಅಷ್ಟು ಸಾಕು.

ಇಷ್ಟು ದೂರ ನಗರವನ್ನು ಹಿನ್ನೆಲೆಯಾಗಿ ನೋಡಿದೆವು. ಅದು ಈ ಕಾಯಿಲೆಗೆ ಕಾರಣವೂ ಹೌದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಇಂಡಿಯಾಬ್ ಸಮೀಕ್ಷೆ 2023ರಲ್ಲಿ ಪ್ರಕಟಿಸಿದ ಲೆಕ್ಕದಂತೆ ದೇಶದ ವಯಸ್ಕರಲ್ಲಿ ಶೇ. 35.5 ಮಂದಿಗೆ ಅಧಿಕ ರಕ್ತದೊತ್ತಡವಿದೆ. ಹಳ್ಳಿಗಳಿಗಿಂತ ನಗರಗಳಲ್ಲಿ ಈ ಪಾಲು ಹೆಚ್ಚು. ನಗರದಲ್ಲಿ ಈ ಏರಿಕೆ ಹುಟ್ಟುವ ಗಳಿಗೆಯನ್ನೇ ಹಿಡಿದ ಅಧ್ಯಯನವೊಂದು ಕೀನ್ಯಾದಲ್ಲಿ ನಡೆಯಿತು. ಪಶ್ಚಿಮ ಕೀನ್ಯಾದ ಲುವೊ ಜನಾಂಗದ ಯುವಕರು ಹಳ್ಳಿ ಬಿಟ್ಟು ನೈರೋಬಿಗೆ ಕೆಲಸ ಹುಡುಕಿ ಹೋಗುತ್ತಿದ್ದರು. ನೀಲ್ ಪೌಲ್ಟರ್ ತಂಡ ಹೋದವರನ್ನೂ ಹಳ್ಳಿಯಲ್ಲೇ ಉಳಿದವರನ್ನೂ ಜೊತೆಜೊತೆಗೆ ಹಿಂಬಾಲಿಸಿತು. ನಗರ ಸೇರಿದ ಕೆಲವೇ ತಿಂಗಳಲ್ಲಿ ಹೋದವರ ರಕ್ತದೊತ್ತಡ ಉಳಿದವರದಕ್ಕಿಂತ ಮೇಲಿತ್ತು. ಮೂತ್ರದಲ್ಲಿ ಸೋಡಿಯಂ ಹೆಚ್ಚಿ ಪೊಟ್ಯಾಸಿಯಂ ತಗ್ಗಿತ್ತು, ನಾಡಿಬಡಿತ ಏರಿತ್ತು. ಉಪ್ಪು ಜಾಸ್ತಿ, ಹಣ್ಣು ತರಕಾರಿ ಕಡಿಮೆ, ಮೈಮನಸ್ಸು ಸದಾ ಬಿಗಿ: ಉತ್ತರ ಕರ್ನಾಟಕದಿಂದ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಬಂದು ಶೆಡ್ಡುಗಳಲ್ಲಿ ಬದುಕುವವರ ಊಟ, ದುಡಿಮೆ, ನಿದ್ದೆ ಕಂಡವರಿಗೆ ಈ ಚಿತ್ರ ಹೊಸದೆನಿಸದು.

ಇದಕ್ಕೆ ತದ್ವಿರುದ್ಧ ತುದಿಯಲ್ಲಿದ್ದಾರೆ ಇಟಲಿಯ ಉಂಬ್ರಿಯಾದ ಸನ್ಯಾಸಿನಿಯರು. ಮಾರಿಯೊ ತಿಮಿಯೊ ಮತ್ತು ಸಂಗಡಿಗರು ಮಠದೊಳಗಿನ 144 ಸನ್ಯಾಸಿನಿಯರನ್ನೂ ಹೊರಗಿನ ಊರುಗಳ ಹೆಂಗಸರನ್ನೂ 30 ವರ್ಷ ಗಮನಿಸಿದರು. ವಯಸ್ಸಾದಂತೆ ಹೊರಗಿನವರ ಒತ್ತಡ ಏರುತ್ತಾ ಹೋಯಿತು, ಮಠದೊಳಗಿನವರದು ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಎರಡೂ ಗುಂಪಿನವರು ತಿನ್ನುವ ಉಪ್ಪಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಮೌನ, ನಿಯಮಿತ ದಿನಚರಿ, ನಾಳೆಯ ಚಿಂತೆಯಿಲ್ಲದ ಬಾಳು ಕೊಟ್ಟ ಫಲ ಇದಿರಬಹುದೆಂದು ಅವರು ಬಗೆದರು.

ಮೌನದ ಮಾತನ್ನು ಹಗುರವಾಗಿ ಬಿಡುವಂತಿಲ್ಲ. ಯೂರೋಪಿನ ವಿಮಾನ ನಿಲ್ದಾಣಗಳ ಸುತ್ತಲಿನ ಮನೆಗಳಲ್ಲಿ ಮಲಗಿದ್ದವರ ರಕ್ತದೊತ್ತಡವನ್ನು ರಾತ್ರಿಯಿಡೀ ಅಳೆದಾಗ, ವಿಮಾನದ ಸದ್ದು ಬಂದ ಕೂಡಲೇ ಮೇಲಿನ ಅಂಕಿ ಸರಾಸರಿ 6ರಷ್ಟು ಏರುತ್ತಿತ್ತು. ಎಚ್ಚರವಾಗದೇ ಇದ್ದರೂ ಏರುತ್ತಿತ್ತು. ಕಿವಿಗೆ ರೆಪ್ಪೆಯಿಲ್ಲ, ನಿದ್ದೆಯಲ್ಲೂ ಮಿದುಳು ಸದ್ದನ್ನು ಅಪಾಯವೆಂದೇ ಓದಿ ಅಡ್ರಿನಲಿನ್ ಹರಿಸುತ್ತದೆ, ನಾಳಗಳು ಬಿಗಿಯುತ್ತವೆ. ಆರೋಗ್ಯವಂತರಲ್ಲಿ ರಾತ್ರಿ ಹೊತ್ತು ಒತ್ತಡ ಶೇ. 10ರಿಂದ 20ರಷ್ಟು ಇಳಿದು ನಾಳಗಳಿಗೆ ಬಿಡುವು ಸಿಗಬೇಕು. ಆ ಬಿಡುವನ್ನೇ ರಿಂಗ್ ರೋಡಿನ ಲಾರಿಗಳೂ ಹಾರ್ನುಗಳೂ ಕಸಿಯುತ್ತವೆ. ನಮ್ಮ 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಎಂದು ಮಿತಿ ಹಾಕಿವೆ. ಆ ನಿಯಮವನ್ನು ಜಾರಿಗೆ ತರುವ ಅಧಿಕಾರಿಯೂ ಬಿಪಿ ರೋಗಿಗಳ ಆರೈಕೆಯಲ್ಲಿ ಪಾಲುದಾರ ಎಂಬುದು ನನ್ನ ದೃಢ ಅಭಿಪ್ರಾಯ. ಮುರಿದ ಚಪ್ಪಡಿಯಿಲ್ಲದ ಫುಟ್‌ಪಾತ್ ಹಾಕಿಸುವ ಎಂಜಿನಿಯರ್ ಕೂಡ ಪಾಲುದಾರ. ದಿನಾ ಅರ್ಧ ಗಂಟೆ ಬಿರುಸಾಗಿ ನಡೆಯಿರಿ ಎಂಬ ಸಲಹೆ ಲಾಲ್‌ಬಾಗಿನ ಹತ್ತಿರ ಮನೆಯಿರುವವರಿಗೆ ಒಂದು ಅರ್ಥ ಕೊಡುತ್ತದೆ, ಪೀಣ್ಯದ ಒಳರಸ್ತೆಯಲ್ಲಿ ಬಾಡಿಗೆಗಿರುವವರಿಗೆ ಇನ್ನೊಂದು.

ಉಪ್ಪಿನ ವಿಷಯ ಎಲ್ಲರಿಗೂ ಗೊತ್ತು, ಅದನ್ನು ಪಾಲಿಸುವ ಕಷ್ಟವೂ ಗೊತ್ತು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚದೊಳಗೆ. ಭಾರತೀಯರು ತಿನ್ನುವುದು ಅದಕ್ಕಿಂತ ಬಹಳ ಹೆಚ್ಚು. ಮನೆಯಲ್ಲಿ ಒಬ್ಬರಿಗೆಂದು ಬೇರೆ ಸಾರು ಮಾಡಿಟ್ಟರೆ ಅವರು ಊಟದ ಪಂಕ್ತಿಯಲ್ಲೇ ಹೊರಗಿನವರಾಗುತ್ತಾರೆ, ಮಾಡುವವರಿಗೆ ದುಪ್ಪಟ್ಟು ಕೆಲಸ. ಇಡೀ ಮನೆಯ ಸಾರಿಗೇ ಉಪ್ಪು ಸ್ವಲ್ಪಸ್ವಲ್ಪವೇ ತಗ್ಗಿಸಿ, ನಿಂಬೆಹುಳಿ, ಕೊತ್ತಂಬರಿ, ಕಾಳುಮೆಣಸು ಮುಂದೆ ಮಾಡುವುದು ಮೇಲು. ನಾಲಿಗೆ ಕೆಲವು ವಾರಗಳಲ್ಲಿ ಒಗ್ಗುತ್ತದೆ. ಹಪ್ಪಳ, ಉಪ್ಪಿನಕಾಯಿ, ಬಾಳಕದ ಮೆಣಸಿನಕಾಯಿ ಹಬ್ಬಕ್ಕಿರಲಿ. ಮೂರು ಹೊತ್ತೂ ಪಿಜಿಯಲ್ಲೋ ದರ್ಶಿನಿಯಲ್ಲೋ ಉಣ್ಣುವವರಿಗೆ ಉಪ್ಪಿನ ಡಬ್ಬಿಯ ಮೇಲೆ ಅಧಿಕಾರವೇ ಇಲ್ಲ. ಅವರು ಸಾಂಬಾರ್ ಬಟ್ಟಲನ್ನು ಎರಡನೇ ಸಲ ತುಂಬಿಸಿಕೊಳ್ಳದಿರಬಹುದು, ಬಾಳೆಹಣ್ಣು, ಎಳನೀರನ್ನು ಸೇರಿಸಿಕೊಳ್ಳಬಹುದು. ಮೂತ್ರಪಿಂಡದ ತೊಂದರೆಯಿದ್ದರೆ ಮಾತ್ರ ಪೊಟ್ಯಾಸಿಯಂ ತುಂಬಿದ ಇಂಥವನ್ನೂ, ಪೊಟ್ಯಾಸಿಯಂ ಬೆರೆಸಿದ ಉಪ್ಪನ್ನೂ ವೈದ್ಯರನ್ನು ಕೇಳದೆ ಮುಟ್ಟಬಾರದು.

ವಿಶ್ವ ಆರೋಗ್ಯ ಸಂಸ್ಥೆಯ 2023ರ ವರದಿಯ ಪ್ರಕಾರ ಭಾರತದಲ್ಲಿ 30ರಿಂದ 79 ವರ್ಷದೊಳಗಿನ ಸುಮಾರು 18.8 ಕೋಟಿ ಜನಕ್ಕೆ ಈ ಕಾಯಿಲೆಯಿದೆ. ಅವರಲ್ಲಿ ಶೇ. 37 ಜನಕ್ಕೆ ಅದು ಗೊತ್ತಾಗಿದೆ, ಶೇ. 30 ಮಂದಿ ಚಿಕಿತ್ಸೆ ಪಡೆಯುತ್ತಿದ್ದಾರೆ, ಹಿಡಿತದಲ್ಲಿರುವುದು ಶೇ. 15 ಜನರದ್ದು ಮಾತ್ರ. ಚಿಕಿತ್ಸೆಯಲ್ಲಿರುವ ಅರ್ಧದಷ್ಟು ಜನ ದಡ ಸೇರುತ್ತಿಲ್ಲ. 2017ರಲ್ಲಿ ಶುರುವಾದ ಭಾರತ ರಕ್ತದೊತ್ತಡ ನಿಯಂತ್ರಣ ಉಪಕ್ರಮ ಇದಕ್ಕೆ ತೀರಾ ಸರಳ ಉಪಾಯ ಹಿಡಿಯಿತು. ಕೆಲವೇ ಅಗ್ಗದ ಮಾತ್ರೆಗಳು, ಯಾವುದರ ನಂತರ ಯಾವುದು ಎಂಬ ಒಂದೇ ಕ್ರಮ, ಮನೆಗೆ ಹತ್ತಿರದ ಕೇಂದ್ರದಲ್ಲೇ ಔಷಧ, ಒಂದು ಸಲ ಬಂದರೆ ಕನಿಷ್ಠ 30 ದಿನಕ್ಕಾಗುವಷ್ಟು ಮಾತ್ರೆ. ದಿನಗೂಲಿಯವರಿಗೆ ಈ ಕೊನೆಯದು ಎಲ್ಲಕ್ಕಿಂತ ದೊಡ್ಡದು. ವಾರಕ್ಕಾಗುವಷ್ಟು ಮಾತ್ರೆ ಕೊಟ್ಟು ಮತ್ತೆ ಬನ್ನಿ ಎಂದರೆ ಅವರು ತಿಂಗಳಿಗೆ ನಾಲ್ಕು ದಿನದ ಕೂಲಿ ಕಳೆದುಕೊಳ್ಳಬೇಕು. ಹಾಗೆ ಕಳೆದುಕೊಳ್ಳುವ ಶಕ್ತಿ ಅವರಿಗಿಲ್ಲ, ಆದ್ದರಿಂದ ಅವರು ಬರುವುದಿಲ್ಲ. ಬೆಂಗಳೂರಿನ ವಾರ್ಡುಗಳಲ್ಲಿ ತೆರೆದಿರುವ ‘ನಮ್ಮ ಕ್ಲಿನಿಕ್’ ಎಂಬ ಸರ್ಕಾರಿ ಚಿಕಿತ್ಸಾಲಯಗಳಲ್ಲಿ ಬಿಪಿ ತಪಾಸಣೆಯೂ ಔಷಧವೂ ಉಚಿತ. ಅವು ಕೆಲಸ ಬಿಟ್ಟು ಬರುವ ಹೊತ್ತಿಗೂ ಬಾಗಿಲು ತೆರೆದಿದ್ದು, ಒಮ್ಮೆಗೆ ಎರಡು ಮೂರು ತಿಂಗಳ ಮಾತ್ರೆ ಕೊಡುವಂತಾದರೆ, ಗಾರೆ ಕೆಲಸದವರೂ ಗಾರ್ಮೆಂಟ್ಸ್‌ನ ಹೆಂಗಸರೂ ಕೂಲಿ ಬಿಡದೆ ಚಿಕಿತ್ಸೆಯಲ್ಲಿ ಉಳಿಯಬಹುದು.